ಜಿರಾಫೆ ಹೇಳಿದ ಮಾತು

ಮಾರ್ಚ್ 3, ಸೋಮವಾರ

ಅಪ್ಪನ ಎಡಗಣ್ಣಿನ ಪೊರೆ ತೆಗೆದು ನಾಲ್ಕು ದಿನವಾಯಿತು. ಬಲಗಣ್ಣಿನದು ಇನ್ನೆರಡು ವಾರಕ್ಕೆ. ಅಲ್ಲಿಯವರೆಗೂ, ಆಮೇಲೂ ಕೆಲವು ದಿನ, ಅವರು ಓದುವಂತಿಲ್ಲ, ಬರೆಯುವಂತಿಲ್ಲ. ಹೊತ್ತು ಹೊತ್ತಿಗೆ ಹನಿ ಹಾಕಲು ಒಬ್ಬರು ಬೇಕು. ಆರು ವಾರ ರಜೆ ಹಾಕಿ ಬಂದಿದ್ದೇನೆ.

ಹನಿ ಹಾಕುವುದರ ಜೊತೆಗೆ ಇನ್ನೊಂದು ಕೆಲಸವೂ ಗಂಟುಬಿದ್ದಿದೆ. ಹೋದ ವರ್ಷ ತೀರಿಕೊಂಡ ಮಂತ್ರಿಗಳ ಬಗ್ಗೆ ಒಂದು ಸ್ಮರಣ ಸಂಪುಟ ಬರುತ್ತಿದೆ. ಅಪ್ಪ ಅವರ ಶಾಲೆಯ ಗೆಳೆಯ, ಮೇಲಾಗಿ ಅವರ ಹಲ್ಲಿನ ಡಾಕ್ಟರು. ಸ್ನೇಹಿತ ಕಂಡಂತೆ ಅವರ ಸ್ವಭಾವ ಹೇಗಿತ್ತು, ಬುದ್ಧಿ ಹೇಗೆ ಓಡುತ್ತಿತ್ತು ಎಂದು ಇಪ್ಪತ್ತು ಪುಟ ಬರೆದುಕೊಡಬೇಕಂತೆ. ಅಪ್ಪ ಹೇಳುವುದು, ನಾನು ಬರೆಯುವುದು. ಹತ್ತೊಂಬತ್ತು ವರ್ಷದಿಂದ ನ್ಯಾಯಾಲಯದಲ್ಲಿ ನಾನು ಮಾಡುತ್ತಿರುವುದೂ ಅದೇ, ಸಾಕ್ಷಿ ಹೇಳಿದ್ದನ್ನು ಬರೆದುಕೊಳ್ಳುವುದು. ಆದರೆ ಶಾಲೆಯಿಂದ ಇವತ್ತಿನವರೆಗೂ ಇಂಗ್ಲಿಷ್‌ನಲ್ಲೇ ಬರೆದವಳು. ಮನೆಮಾತಿನಲ್ಲಿ ಕೈ ಓಡುವುದಿಲ್ಲ. ಸ್ವಲ್ಪ ಪಳಗಲಿ ಎಂದು ಈ ದಿನಚರಿ.

ಶುರುವಿನಲ್ಲೇ ಅಪ್ಪನಿಗೆ ಹೇಳಿಬಿಟ್ಟೆ. “ನಿಮ್ಮ ಬಾಯಿಂದ ಬಂದದ್ದು ಮಾತ್ರ ಬರೀತೀನಿ. ಚೆಂದ ಮಾಡಿಕೊಡು ಅಂತ ಕೇಳಬೇಡಿ.”

“ಕೆಮ್ಮಿದ್ರೆ?”

“ಕೆಮ್ಮಿದರು ಅಂತ ಬರೀತೀನಿ.”

“ಹಾಗಾದ್ರೆ ಹುಷಾರಾಗಿರಬೇಕು ನಾನು,” ಅಂದರು ಅಪ್ಪ, ಕಪ್ಪು ಕನ್ನಡಕದೊಳಗಿಂದ.

ನಮ್ಮಿಬ್ಬರಿಗೆ ಮಾತು ಕಡಿಮೆ. ಅಮ್ಮ ಇದ್ದಾಗ ಅವರ ಮೂಲಕ ನಡೆಯುತ್ತಿತ್ತು. ಈ ಕೆಲಸ ಇರುವುದು ಒಂದು ರೀತಿಯಲ್ಲಿ ಅನುಕೂಲವೇ.

ಮಾರ್ಚ್ 5, ಬುಧವಾರ

ಮುಂದಿನ ಕೋಣೆಯಲ್ಲಿ ಕೂತು ಬರೆಯುತ್ತೇವೆ. ಮೊದಲು ಅದೇ ಕ್ಲಿನಿಕ್ ಆಗಿತ್ತು. ಕುರ್ಚಿ ಮಾರಿ ಆರು ವರ್ಷವಾದರೂ ನೆಲದಲ್ಲಿ ಅದರ ಬೋಲ್ಟಿನ ನಾಲ್ಕು ತೂತುಗಳು ಇವೆ. ಅಪ್ಪ ಅವನ್ನು ಕಣ್ಣು ಮುಚ್ಚಿಕೊಂಡೇ ದಾಟುತ್ತಾರೆ.

ಮಂತ್ರಿಗಳನ್ನು ಅಪ್ಪ ಕರೆಯುವುದು “ಜಿರಾಫೆ” ಎಂದು. ಆರನೇ ತರಗತಿಯಲ್ಲಿ ಇಟ್ಟ ಹೆಸರು. ಕುರ್ಚಿಯ ತಲೆದಿಂಬನ್ನು ಪೂರ್ತಿ ಎಳೆದರೂ ಅವರ ಕತ್ತಿಗೆ ಸಾಲದೆ, ಮಡಿಸಿದ ಟವೆಲ್ ಇಡಬೇಕಿತ್ತಂತೆ.

ಬರೆಯುತ್ತಾ ಹೋದಂತೆ ಒಂದು ತೊಡಕು ಕಂಡಿತು. ಆಸ್ಪತ್ರೆ ಮುಷ್ಕರದ ಬಗ್ಗೆ ಅಪ್ಪ ಅವರಿಗೆ ಏನು ಹೇಳಿದರು ಎನ್ನುವುದು ಎರಡೂವರೆ ಪುಟ ಆಯಿತು.

“ಅದಕ್ಕೆ ಅವರೇನಂದ್ರು?” ಎಂದು ಕೇಳಿದೆ.

“ಏನಂತಾನೆ? ಬಾಯಲ್ಲಿ ನನ್ನ ಎರಡು ಬೆರಳು, ಒಂದು ಕನ್ನಡಿ, ಎರಡು ಉಂಡೆ ಹತ್ತಿ. ಆಂ ಅಂದ.”

“ಶಾಲಾ ಶುಲ್ಕದ ವಿಷಯಕ್ಕೆ?”

“ಅದಕ್ಕೆ ಊಂ ಅಂದ. ಊಂ ಅಂದ್ರೆ ಯೋಚಿಸ್ತಿದಾನೆ ಅಂತ. ನಿನಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ.” ಆಮೇಲೆ ಹೆಮ್ಮೆಯಿಂದ ಸೇರಿಸಿದರು: “ಸಭೆಯಲ್ಲಿ ಎಲ್ಲರ ಬಾಯಿ ಮುಚ್ಚಿಸ್ತಿದ್ದೋನು ಅವನು. ಅವನ ಬಾಯಿ ತೆರೆಸಿ ಸುಮ್ಮನೆ ಕೂರಿಸಿದೋನು ನಾನೊಬ್ಬನೇ.”

ಇಲ್ಲಿಯವರೆಗೆ ಹನ್ನೊಂದು ಪುಟ. ಮಂತ್ರಿಗಳ ಪಾಲಿಗೆ ಏಳು ‘ಆಂ’, ನಾಲ್ಕು ‘ಊಂ’. ಈ ಕ್ಲಿನಿಕ್ಕಿನ ಮೂವತ್ತು ವರ್ಷದಲ್ಲಿ ಮಾತಾಡಿದವರು ಅಪ್ಪ ಒಬ್ಬರೇ ಎಂದು ಕಾಣುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಮಾರ್ಚ್ 8, ಶನಿವಾರ

ಇವತ್ತು ಒಳ್ಳೆಯ ಸಂಗತಿಗಳು ಬಂದವು.

ಮಂತ್ರಿಯಾದ ಮೇಲೂ ಅವರು ಸರದಿಯಲ್ಲೇ ಕೂರುತ್ತಿದ್ದರು. ಪಕ್ಕದಲ್ಲಿದ್ದವರನ್ನು ಯಾವ ಹಲ್ಲು, ಎಷ್ಟು ದಿನದಿಂದ ಎಂದು ಕೇಳಿ ತಿಳಿದುಕೊಂಡು, ಮೂರು ತಿಂಗಳು ಬಿಟ್ಟು ಬಂದಾಗ “ಆ ಟೀಚರಮ್ಮನ ದವಡೆ ಏನಾಯ್ತು?” ಎಂದು ವಿಚಾರಿಸುತ್ತಿದ್ದರು. ಸಭೆ ಇರುವ ದಿನ ಇಂಜೆಕ್ಷನ್ ಬೇಡ ಎನ್ನುತ್ತಿದ್ದರು. ನಾಲಿಗೆ ತೊದಲಿದರೆ ಕುಡಿದು ಬಂದಿದ್ದಾನೆ ಎಂದು ಎದುರಿನವರು ಕೂಗುತ್ತಾರೆ ಎಂದು. ಬೇರು ಚಿಕಿತ್ಸೆಯನ್ನೂ ಹಾಗೇ ಮಾಡಿಸಿಕೊಂಡಿದ್ದರಂತೆ, ಕುರ್ಚಿಯ ಕೈ ಹಿಡಿದುಕೊಂಡು.

ಇನ್ನೊಂದು ವಿಚಿತ್ರ. ಅಪ್ಪ ಕೇಳಿದ್ದಕ್ಕೆ ಉತ್ತರ ಕೊಡಲು ಆಗುತ್ತಿರಲಿಲ್ಲವಲ್ಲ, ಅದನ್ನು ತಲೆಯಲ್ಲಿ ಇಟ್ಟುಕೊಂಡು ಮುಂದಿನ ಸಲ ಒಳಗೆ ಬಂದ ಕೂಡಲೇ, ಪೀಠಿಕೆಯಿಲ್ಲದೆ, ಕೋಟು ಬಿಚ್ಚುತ್ತಾ ಹೇಳುತ್ತಿದ್ದರು: “ಇಲ್ಲ. ಅವನಿಗೆ ಆ ಹುದ್ದೆ ಕೊಡಲ್ಲ. ಬಾಗಿಲನ್ನ ಧಡಾರ್ ಅಂತ ಹಾಕ್ತಾನೆ.” ಅಷ್ಟು ಹೊತ್ತಿಗೆ ಕೇಳಿದ್ದೇನು ಎಂದು ಅಪ್ಪನಿಗೇ ಮರೆತಿರುತ್ತಿತ್ತು.

“ದೋಷ ಏನೂ ಇರಲಿಲ್ವಾ ಅಪ್ಪ?”

“ಇಲ್ದೆ ಏನು, ಬೇಕಾದಷ್ಟು. ಮಹಾ ಹಟಮಾರಿ. ತಪ್ಪಾಯ್ತು ಅನ್ನೋ ಮಾತು ಅವನ ಬಾಯಿಂದ ತಾನಾಗೇ ಹೊರಡ್ತಿರಲಿಲ್ಲ. ಅದಕ್ಕೂ ಇಕ್ಕಳ ಹಾಕಬೇಕಿತ್ತು.”

ನಗು ಬಂತು. ಬರೆದುಕೊಂಡೆ.

ಮಾರ್ಚ್ 12, ಬುಧವಾರ

ಸಂಪುಟದ ಸಂಪಾದಕರು ಬಂದಿದ್ದರು. ನಿವೃತ್ತ ಪ್ರಾಧ್ಯಾಪಕರು, ಹದವಾಗಿ ಮಾತಾಡುತ್ತಾರೆ. ಇದುವರೆಗೆ ಬರೆದದ್ದನ್ನೆಲ್ಲ ಓದಿ ಚಹಾ ಮುಗಿಸಿದರು.

“ಅಮ್ಮಾ, ಇದರಲ್ಲಿ ಡಾಕ್ಟರು ಬಹಳ ಚೆನ್ನಾಗಿ ಬಂದಿದಾರೆ. ಮಂತ್ರಿಗಳು ಎಲ್ಲಿ?”

“ಬಾಯಿ ತೆರೆದುಕೊಂಡು ಕೂತಿದಾರೆ ಸರ್.”

“ಓದುವವರು ಎಷ್ಟು ಹೊತ್ತು ಅಂತ ಒಂದು ಬಾಯಿಯೊಳಗೆ ನೋಡ್ತಾರೆ ಹೇಳಿ?”

ಇಕ್ಕಳದ ಸಾಲನ್ನು ಅವರು ಮೃದುವಾಗಿ ಒಂದು ಗೀಟು ಎಳೆದು ತೆಗೆದರು. ಇಪ್ಪತ್ತೆರಡು ಕಡೆ ಅಂಚಿನಲ್ಲಿ “ಏನೆಂದರು?” ಎಂದು ಬರೆದು ಹೋದರು.

ಮಾರ್ಚ್ 14, ಶುಕ್ರವಾರ

ಸಾಕ್ಷಿ ಕಟಕಟೆಯಲ್ಲಿ ಬರೀ ತಲೆಯಾಡಿಸಿದರೆ ನಾನು ಏನೂ ಬರೆಯುವುದಿಲ್ಲ. ನ್ಯಾಯಾಧೀಶರು ಬಾಯಿಬಿಟ್ಟು ಹೇಳಬೇಕು, “ಸಾಕ್ಷಿ ಹೌದೆಂದು ತಲೆಯಾಡಿಸಿದರು” ಎಂದು. ಆಗ ಅದು ದಾಖಲೆ. ಅಂದರೆ ಸನ್ನೆಯನ್ನು ಮಾತಾಗಿಸುವುದಕ್ಕೆ ನಮ್ಮಲ್ಲೂ ದಾರಿ ಇದೆ.

ಅಪ್ಪನಿಗೂ ಮಂತ್ರಿಗಳಿಗೂ ಒಂದು ಬೆರಳು ಎತ್ತಿದರೆ ನೋವು, ಎರಡು ಎತ್ತಿದರೆ ನಿಲ್ಲಿಸು, ಮುಷ್ಟಿ ಕಟ್ಟಿದರೆ ಮುಂದುವರಿಸು ಎಂಬ ಒಪ್ಪಂದವಿತ್ತು. ಮುಷ್ಕರದ ಮಾತು ಬಂದಾಗ ಎರಡು ಬೆರಳು ಎತ್ತಿದರಂತೆ. “ಅದು ಮುಷ್ಕರಕ್ಕೋ, ಹಲ್ಲಿಗೋ?” ಎಂದೆ. “ಮುಷ್ಕರಕ್ಕೇ. ಆ ಹಲ್ಲು ಸತ್ತು ಎರಡು ವರ್ಷ ಆಗಿತ್ತು,” ಅಂದರು ಅಪ್ಪ.

‘ಬೇಡ ಎಂದು ಸನ್ನೆ ಮಾಡಿದರು’ ಎಂದು ಬರೆದೆ. ಸಂಜೆ ಅದನ್ನು ‘ಬೇಡ ಎಂದರು’ ಎಂದು ಮಾಡಿದೆ. ಅರ್ಥದಲ್ಲಿ ವ್ಯತ್ಯಾಸವಿಲ್ಲ.

ಮಾರ್ಚ್ 17, ಸೋಮವಾರ

ಅಪ್ಪನ ಬಲಗಣ್ಣಿನದೂ ಆಯಿತು. ಎಲ್ಲ ಸಲೀಸು.

ಮಧ್ಯಾಹ್ನ ಸೇತುವೆಯ ವಿಷಯಕ್ಕೆ ಬಂದೆವು. ಸಂಪಾದಕರಿಗೆ ನಿಜವಾಗಿ ಬೇಕಿರುವುದು ಇದೇ. ಹನ್ನೊಂದು ವರ್ಷದ ಹಿಂದೆ ಇವರ ಖಾತೆ ಕಟ್ಟಿಸಿದ ಸೇತುವೆ ಕುಸಿದು ಮೂವತ್ತೊಂದು ಜನ ಸತ್ತರು. ವಿಚಾರಣೆಯಲ್ಲಿ ತಪ್ಪು ಗುತ್ತಿಗೆದಾರನದು ಎಂದಾಯಿತು. ಆದರೂ ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಮಂತ್ರಿಗಳು ರಾಜೀನಾಮೆ ಕೊಟ್ಟರು. ಕಾರಣ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಆತ್ಮಸಾಕ್ಷಿ ಎಂದು ಕೆಲವರು. ಹಿಂದಿನ ಸಂಜೆ ಪಕ್ಷದ ಮುಖ್ಯಸ್ಥರು ಫೋನ್ ಮಾಡಿ ಬಿಡಿಸಿದರು ಎಂದು ಕೆಲವರು. ಆ ಫೋನಿಗೆ ಮುಂಚೆ, ಮಧ್ಯಾಹ್ನ ಮೂರಕ್ಕೆ, ಅವರು ಅಪ್ಪನ ಕುರ್ಚಿಯಲ್ಲಿ ಇದ್ದರು.

“ಕಿರೀಟ ಸಡಿಲವಾಗಿತ್ತು,” ಅಂದರು ಅಪ್ಪ. ಹಲ್ಲಿಗೆ ಹಾಕುವ ಕವಚಕ್ಕೆ ಅವರು ಕಿರೀಟ ಎನ್ನುತ್ತಾರೆ. “ಇಂಜೆಕ್ಷನ್ ಕೊಟ್ಟೆ. ಹತ್ತು ನಿಮಿಷ ಬಿಡಬೇಕಲ್ಲ. ಕೈ ತೊಳೀತಾ ಕೇಳಿದೆ, ‘ಇರ್ತೀಯೋ, ಬಿಡ್ತೀಯೋ?’ ಅಂತ. ಉತ್ತರ ಇಲ್ಲ. ತಿರುಗಿ ನೋಡ್ತೀನಿ, ನಿದ್ದೆ.”

“ನಿದ್ದೆ?”

“ಗಾಢ ನಿದ್ದೆ. ಬಾಯಿ ತೆರೆದಿದೆ, ಬಾಯಲ್ಲಿ ಹತ್ತಿ. ದೀಪ ಆರಿಸಿದೆ. ಹೊರಗಿದ್ದವರನ್ನೆಲ್ಲ ನಾಳೆ ಬನ್ನಿ ಅಂತ ಕಳಿಸಿದೆ. ನಲವತ್ತು ನಿಮಿಷ ಮಲಗಿದ್ದ. ಎದ್ದು ಕನ್ನಡಿ ಕೇಳ್ದ. ಕಿರೀಟ ಕೂರಿಸ್ದೆ, ಹೋದ.”

“ಮುಂದಿನ ಸಲ ಬಂದಾಗ ಉತ್ತರ ಕೊಟ್ರಾ? ಕೊಡೋದು ಅವರ ಅಭ್ಯಾಸ ಅಂದ್ರಲ್ಲ.”

“ಅದೊಂದಕ್ಕೆ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ತೀರ್ಮಾನ ಆಗಿತ್ತು ಅಂತ ಕಾಣುತ್ತೆ, ಇಲ್ದಿದ್ರೆ ಹಾಗೆ ನಿದ್ದೆ ಬರುತ್ತಾ?”

ಅದು ಊಹೆ, ಸಾಕ್ಷ್ಯವಲ್ಲ ಎಂದೆ. ಊಹೆಯನ್ನು ಬಿಟ್ಟು ಉಳಿದದ್ದನ್ನು ಬರೆದೆ. ಒಂದೂವರೆ ಪುಟ. ನನಗೆ ಇಷ್ಟವಾಯಿತು.

ಮಾರ್ಚ್ 18, ಮಂಗಳವಾರ

ಕಳಿಸಿದ ಪುಟ ಓದಿ ಸಂಪಾದಕರ ಫೋನ್. “ನಿದ್ದೆ ಮಾಡಿದರು ಅಂತ ಹಾಕಕ್ಕಾಗಲ್ಲಮ್ಮ. ಮೂವತ್ತೊಂದು ಜನ ಸತ್ತಿದಾರೆ.”

ಮಾರ್ಚ್ 22, ಶನಿವಾರ

ಪತ್ರಿಕೆಯಲ್ಲಿ ಒಂದು ಲೇಖನ ಬಂದಿದೆ. ಮಂತ್ರಿಗಳ ಜೊತೆ ಆಗ ಮಂತ್ರಿಮಂಡಲದಲ್ಲಿದ್ದ ಒಬ್ಬರದು. ರಾಜೀನಾಮೆ ಸ್ವಂತದ್ದಲ್ಲ, ರಾತ್ರಿ ಎಂಟರ ಫೋನಿನಲ್ಲಿ ಗದರಿಸಿ ಬರೆಸಿಕೊಂಡದ್ದು, ತಾನು ಆ ಕೋಣೆಯಲ್ಲೇ ಇದ್ದೆ ಎಂದು ಬರೆದಿದ್ದಾರೆ.

ಅಪ್ಪನಿಗೆ ಓದಿ ಹೇಳಿದೆ. ಅವರು ಎದ್ದು ನಾಲ್ಕು ತೂತಿನ ಸುತ್ತ ಎರಡು ಸಲ ಓಡಾಡಿದರು. “ಅವನೂ ನನ್ನ ಪೇಷೆಂಟೇ. ಒಂದು ಹಲ್ಲೂ ಸ್ವಂತದ್ದಲ್ಲ,” ಅಂದರು.

ದೊಡ್ಡಮ್ಮ, ಅಂದರೆ ಮಂತ್ರಿಗಳ ಹೆಂಡತಿ, ಊಟ ಬಿಟ್ಟು ಕೂತಿದ್ದಾರೆ ಎಂದು ಸಂಪಾದಕರು ಹೇಳಿದರು. ಸಣ್ಣವಳಿದ್ದಾಗಿನಿಂದ ನಾನು ಅವರನ್ನು ದೊಡ್ಡಮ್ಮ ಎನ್ನುತ್ತೇನೆ. ಅಮ್ಮ ತೀರಿಕೊಂಡ ವಾರವೆಲ್ಲ ನಮ್ಮ ಅಡುಗೆಮನೆ ನೋಡಿಕೊಂಡವರು ಅವರು. ಮಧ್ಯಾಹ್ನ ಮೂರಕ್ಕೆ ಮಂತ್ರಿಗಳು ಡಾಕ್ಟರ ಹತ್ತಿರ ಏನಾದರೂ ಹೇಳಿದ್ದರೆ ಎಂಟರ ಫೋನಿನ ಕಥೆ ಅಲ್ಲಿಗೇ ಬಿದ್ದುಹೋಗುತ್ತದೆ ಎಂದೂ ಸಂಪಾದಕರು ಹೇಳಿದರು. ಹಾಗೆ ಹೇಳಿದ್ದು ಅಷ್ಟೇ, ಒತ್ತಾಯ ಮಾಡಲಿಲ್ಲ.

ಮಾರ್ಚ್ 24, ಸೋಮವಾರ

ಲೇಖನವನ್ನು ಮೂರು ಸಲ ಓದಿದೆ. ಸುಳ್ಳು ಹೇಳುವ ಸಾಕ್ಷಿಗೆ ವಿವರ ಜಾಸ್ತಿ ಇರುತ್ತದೆ. ಕೋಣೆಯ ಪರದೆಯ ಬಣ್ಣವನ್ನೂ ಬರೆದಿದ್ದಾರೆ.

ಮಾರ್ಚ್ 27, ಗುರುವಾರ

ಉಳಿದ ‘ಆಂ’ಗಳನ್ನು ಸರಿಮಾಡಿದೆ. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಮುಗಿದವು. ‘ಊಂ’ ಇದ್ದ ಕಡೆ ‘ಅದನ್ನೂ ಯೋಚಿಸಿದ್ದೇನೆ’ ಎಂದು ಹಾಕಿದ್ದೇನೆ. ಅಪ್ಪನೇ ಅಲ್ಲವೇ ಊಂ ಎಂದರೆ ಯೋಚನೆ ಎಂದದ್ದು. ಮಂತ್ರಿಗಳ ಮಾತಿನ ಧಾಟಿ ಈಗ ನನಗೆ ಸಿಕ್ಕಿದೆ: ಪೀಠಿಕೆ ಇಲ್ಲ, ಚಿಕ್ಕ ಚಿಕ್ಕ ವಾಕ್ಯ, ಕಾರಣ ಕೊನೆಯಲ್ಲಿ.

ಸೇತುವೆಯ ಪುಟಕ್ಕೆ ಬೆಳಿಗ್ಗೆ ಕೂತವಳು ಎದ್ದದ್ದು ಒಂದು ಗಂಟೆಗೆ. ಒಂದು ಪ್ರಯೋಗ ಮಾಡಿ ನೋಡಿದೆ. ಆ ಮಧ್ಯಾಹ್ನವೇ ಅವರು ಉತ್ತರ ಕೊಟ್ಟಿದ್ದರೆ ಏನು ಕೊಡುತ್ತಿದ್ದರು ಎಂದು. ಹನ್ನೊಂದು ಸಲ ಹೊಡೆದುಹಾಕಿ ಬರೆದೆ:

‘ಕಟ್ಟಿದಾಗ ಕಲ್ಲಿನ ಮೇಲೆ ನನ್ನ ಹೆಸರು ಹಾಕಿಸಿಕೊಂಡೆ. ಬಿದ್ದಾಗ ಅಳಿಸಿಕೊಳ್ಳೋಕೆ ಆಗಲ್ಲ. ನಾಳೆ ಬಿಡ್ತೀನಿ.’

ಅಪ್ಪನಿಗೆ ಓದಿದೆ.

“ಹೇಳಿದ್ದಿದ್ರೆ ಹೀಗೇ ಹೇಳ್ತಿದ್ದ,” ಅಂದರು. “ಇನ್ನೊಂದು ಸಲ ಓದು.”

ಓದಿದೆ.

ಮಾರ್ಚ್ 28, ಶುಕ್ರವಾರ

“ಅಪ್ಪ, ಇಂಜೆಕ್ಷನ್ ಕೊಟ್ಟು ಎಷ್ಟು ಹೊತ್ತಿಗೆ ನಾಲಿಗೆ ಮರಗಟ್ಟುತ್ತೆ?”

“ಕೆಳಗಿನ ದವಡೆಗೆ ಕೊಟ್ರೆ ಐದು ನಿಮಿಷ. ಯಾಕೆ?”

“ಸ್ಪಷ್ಟವಾಗಿ ಮಾತಾಡೋಕಾಗಲ್ಲ ಅಲ್ವಾ ಆಮೇಲೆ?”

“ಎಲ್ಲಿ ಆಗುತ್ತೆ! ಜೊಲ್ಲು ಸುರಿಸ್ತಾ ಕೂರಬೇಕು.”

ಹಾಗಾದರೆ ಆ ಮಾತು ಇಂಜೆಕ್ಷನ್‌ಗೆ ಮುಂಚೆಯೇ ಬರಬೇಕು. ಅಪ್ಪ ಕೈ ತೊಳೆಯುವುದನ್ನೂ ಮುಂಚಿತವಾಗಿ ತಂದೆ. ನಿದ್ದೆಯನ್ನು ತೆಗೆದೆ, ಎರಡೂ ಇದ್ದರೆ ಪುಟ ಭಾರವಾಗುತ್ತದೆ. ಸಮಯವನ್ನು ಮೂರು ಗಂಟೆ ಎಂದು ಸ್ಪಷ್ಟವಾಗಿ ನಮೂದಿಸಿದ್ದೇನೆ.

ಏಪ್ರಿಲ್ 2, ಬುಧವಾರ

ಕರಡಚ್ಚು ಬಂತು. ಸಂಪಾದಕರು ತಾವೇ ತಂದುಕೊಟ್ಟರು, ಮೆಟ್ಟಿಲು ಹತ್ತುವಾಗಲೇ ಮುಖ ಅರಳಿತ್ತು. “ಇಡೀ ಸಂಪುಟಕ್ಕೆ ಇದೊಂದು ಪುಟ ಸಾಕು,” ಅಂದರು. ಒಂದು ಪ್ರತಿ ದೊಡ್ಡಮ್ಮನಿಗೂ ಕಳಿಸಿದ್ದಾರಂತೆ.

ಒಂದು ಕಡೆ ‘ಹಾಕಿಸಿಕೊಂಡೆ’ ಎನ್ನುವುದು ‘ಹಾಕಿಸಿದೆ’ ಎಂದಾಗಿತ್ತು. ತಿದ್ದಿದೆ. ಬೇರೆಯವರ ಮಾತನ್ನು ಹೀಗೆ ಲಘುವಾಗಿ ತೆಗೆದುಕೊಂಡರೆ ನನಗೆ ಸಹನೆಯಾಗುವುದಿಲ್ಲ.

ಅಪ್ಪನೊಡನೆ ಈಗ ಮಾತು ಸಲೀಸಾಗಿದೆ. ಊಟದ ಹೊತ್ತಿನಲ್ಲೂ ಮಂತ್ರಿಗಳ ವಿಷಯವೇ. ಹೆಚ್ಚಾಗಿ ನಾನು ಹೇಳುತ್ತೇನೆ, ಅವರು ಕೇಳುತ್ತಾರೆ.

ಏಪ್ರಿಲ್ 6, ಭಾನುವಾರ

ಹನ್ನೊಂದು ಗಂಟೆಗೆ ದೊಡ್ಡಮ್ಮ ಬಂದರು. ಆಟೋದಿಂದ ಇಳಿಯುವಾಗ ಕೈಯಲ್ಲಿ ಕರಡಿನ ಹಾಳೆಗಳಿದ್ದವು, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ತೆಳ್ಳಗಾಗಿದ್ದಾರೆ. ಮುಂದಿನ ಕೋಣೆಯಲ್ಲಿ ಅಪ್ಪನ ಎದುರು ಕೂತು ಕನ್ನಡಕ ಹಾಕಿಕೊಂಡು, ಆ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಓದಿದರು.

“ಇದೇ ಮಾತು ಹೇಳಿದ್ರಾ ಡಾಕ್ಟ್ರೇ? ಇದೇ ಪದ?”

ಅಪ್ಪ ನನ್ನ ಕಡೆ ತಿರುಗಿದರು. ಹೊಸ ಕಣ್ಣು, ಇನ್ನೂ ಸ್ವಲ್ಪ ನೀರಾಡುತ್ತದೆ.

“ಇದೇ ಮಾತು ದೊಡ್ಡಮ್ಮ. ಇಂಜೆಕ್ಷನ್‌ಗೆ ಮುಂಚೆ,” ಎಂದೆ ನಾನು.

“ನೀನು ಬರ್ಕೊಂಡಿದ್ರೆ ಸರಿಯಾಗೇ ಇರುತ್ತೆ ಬಿಡು. ಕೋರ್ಟಿನವಳು.” ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೈಯಿಂದ ಸವರಿದರು. “ಮೂರು ವಾರ ಹಾಸಿಗೆಗೆ ಬೆನ್ನು ತಾಗಿಸಿರಲಿಲ್ಲ ಇವರು. ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ. ನನಗೆ ಭಯ ಆಗಿತ್ತು, ಏನಾದ್ರೂ ಮಾಡ್ಕೊಂಡ್ರೆ ಅಂತ. ಆ ದಿನ ಸಂಜೆ ಬಂದಾಗ ಮಾತ್ರ ಮುಖದಲ್ಲಿ ಸ್ವಲ್ಪ ಕಳೆ ಇತ್ತು. ನಿದ್ದೆ ಮಾಡಿ ಎದ್ದವರ ಹಾಗೆ. ಯಾಕೆ, ಏನಾಯ್ತು ಅಂತ ಕೇಳಿದೆ, ಹೇಳಲಿಲ್ಲ. ಈಗ ಗೊತ್ತಾಯ್ತು.”

ಅಪ್ಪ ಕುರ್ಚಿಯ ಅಂಚಿಗೆ ಸರಿದರು. “ಅತ್ತಿಗೆ, ಆ ದಿನ ಅವನು…” ಎಂದು ಶುರುಮಾಡಿದರು.

“ಅಪ್ಪ, ಹನಿ ಹಾಕೋ ಹೊತ್ತಾಯ್ತು,” ಎಂದೆ. ಹೊತ್ತು ಆಗಿತ್ತು ಕೂಡ, ಐದು ನಿಮಿಷ ಆಚೀಚೆ. ಹನಿ ಹಾಕಿದರೆ ಅಪ್ಪ ತಲೆ ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ ಕೂರಬೇಕು.

ದೊಡ್ಡಮ್ಮ ಏಳುವಾಗ ಒಂದು ಥರ ನಕ್ಕರು. “ನೋಡು, ನಲವತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೆ. ಯಾರಿಗೂ ಹೇಳಿಲ್ಲ, ಅದು ಅವರ ಸ್ವಭಾವ ಅಂತ ಸಮಾಧಾನ ಮಾಡ್ಕೊಂಡಿದ್ದೆ. ನಿಮಗೆ ಹೇಳಿದ್ರಲ್ಲ ಡಾಕ್ಟ್ರೇ. ನನಗೆ ಹೇಳಬಹುದಿತ್ತು.”

ಆಟೋದವರೆಗೆ ಹೋಗಿ ಕೂರಿಸಿ ಬಂದೆ. ರಬ್ಬರ್ ಬ್ಯಾಂಡ್ ಮೇಜಿನ ಮೇಲೆ ಬಿಟ್ಟು ಹೋಗಿದ್ದಾರೆ.

ಎಂಟರ ಫೋನಿನ ಕಥೆ ಇನ್ನು ನಿಲ್ಲುವುದಿಲ್ಲ. ಅವರು ಊಟ ಮಾಡಬಹುದು ಎಂದುಕೊಂಡಿದ್ದೇನೆ.

ಏಪ್ರಿಲ್ 7, ಸೋಮವಾರ

ಅಪ್ಪ ಬೆಳಿಗ್ಗೆ ತಿಂಡಿ ಮುಟ್ಟಲಿಲ್ಲ. ಮುಂದಿನ ಕೋಣೆಯಲ್ಲಿ, ಕುರ್ಚಿಯಿದ್ದ ಜಾಗದಲ್ಲಿ ನಿಂತಿದ್ದರು. ಕೈಯಿಂದ ಗಾಳಿಯಲ್ಲಿ ಏನನ್ನೋ ಅಳೆಯುತ್ತಿದ್ದರು. ದೀಪ ಇಲ್ಲಿ, ನಲ್ಲಿ ಅಲ್ಲಿ ಎನ್ನುವ ಹಾಗೆ.

“ಮಗಳೇ, ಒಂದು ಹೇಳು. ನಾನು ಕೈ ತೊಳೀತಾ ಇದ್ದೆ. ಬೆನ್ನು ಮಾಡಿದ್ದೆ. ಅವನು ಮಾತಾಡಿದ್ದು ನನಗೆ ಕೇಳಿಸ್ತಾ ಇದೆ. ಕಲ್ಲು, ಹೆಸರು, ಎಲ್ಲ ಕೇಳಿಸ್ತಾ ಇದೆ. ಆದ್ರೆ ತಿರುಗಿ ನೋಡಿದಾಗ ನಿದ್ದೆ ಮಾಡ್ತಿದ್ದ ಅಂತಲೂ ಇದೆ. ಬಾಯಲ್ಲಿ ಹತ್ತಿ ಇತ್ತು. ಯಾವುದು ಆದದ್ದು?”

ಆ ಕೋಣೆಯಲ್ಲಿ ಆ ದಿನ ಇದ್ದವರು ಇಬ್ಬರು. ಒಬ್ಬರು ಇಲ್ಲ. ಇನ್ನೊಬ್ಬರು ನನ್ನನ್ನು ಕೇಳುತ್ತಿದ್ದಾರೆ. ಅಪ್ಪನ ಜ್ಞಾಪಕಶಕ್ತಿ ಈ ವಯಸ್ಸಿನಲ್ಲಿ ಹೀಗೆ ಕೈಕೊಡುವುದು ಸಹಜ. ಬರೆದಿಟ್ಟದ್ದು ಇದೆ, ಅದು ಒಳ್ಳೆಯದಾಯಿತು.

“ಎರಡೂ ಆಗಿರಬಹುದಲ್ಲ ಅಪ್ಪ. ಮಾತಾಡಿದ ಮೇಲೆ ಸ್ವಲ್ಪ ಹೊತ್ತು ನಿದ್ದೆ ಮಾಡಿದ್ರು.”

ಅಪ್ಪ ನೆಲದ ತೂತುಗಳನ್ನು ನೋಡಿದರು.

“ಮಾತಾಡಿದ ಮೇಲೆ,” ಅಂದರು. “ಹೌದು. ಮಾತಾಡಿದ ಮೇಲೆ ನಿದ್ದೆ ಬಂತು ಅವನಿಗೆ.” ಬಂದು ಕೂತು ತಿಂಡಿ ತಿಂದರು.

ನಿದ್ದೆಯನ್ನು ಪುಟಕ್ಕೆ ವಾಪಸ್ ಸೇರಿಸಿ ಸಂಪಾದಕರಿಗೆ ಫೋನಿನಲ್ಲಿ ಓದಿದೆ. ಈ ಜಾಗದಲ್ಲಿ ಆದರೆ ಅವರದೇನೂ ಆಕ್ಷೇಪವಿಲ್ಲವಂತೆ. ಒಟ್ಟು ಹದಿನಾಲ್ಕು ಪದ. ಮುಂದಿನ ಪುಟಕ್ಕೇನೂ ತೊಂದರೆಯಾಗುವುದಿಲ್ಲ.